ಮಗಳ ಮೊದಲ ಚೆಸ್ ಟೂರ್ನಿ: ಜನನ ಪತ್ರದಿಂದ ಆರನೇ ಸುತ್ತಿನವರೆಗೆ

2025ರ ಆಗಸ್ಟ್ 3ರ ಭಾನುವಾರ ಮಡಿಕೇರಿಯಲ್ಲಿ ಶಾಲಾ ಮಕ್ಕಳ ಚೆಸ್ ಟೂರ್ನಿ ಇತ್ತು. ಮಗಳನ್ನು ಆಡಿಸಿಕೊಂಡು ಬಂದೆ. ಒಂದೇ ದಿನದ ಆಟ. ಅದಕ್ಕೆ ನಾವು ಓಡಾಡಿದ್ದು ಮಾತ್ರ ಎರಡು ತಿಂಗಳು. ಹೋಗುವ ಮೊದಲು ಯಾರನ್ನು ಕೇಳಿದರೂ "ಸುಮ್ನೆ ಕರ್ಕೊಂಡು ಹೋಗಿ, ಅವಳ ಪಾಡಿಗೆ ಅವಳು ಆಡ್ತಾಳೆ" ಅಂದರು. ಅಷ್ಟು ಸುಲಭ ಇರಲಿಲ್ಲ. ಮುಂದಿನ ಸಲ ಹೊರಡುವ ಅಪ್ಪ ಅಮ್ಮಂದಿರಿಗೆ ಇಷ್ಟು ಗೊಂದಲ ಆಗಬಾರದು ಅಂತ ಎಲ್ಲವನ್ನೂ ಆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಮನೆ ಸುಂಟಿಕೊಪ್ಪದಿಂದ ಒಳಗೆ, ಕಾಫಿ ತೋಟದ ನಡುವೆ. ಮನೆಯವರು ಅಲ್ಲೇ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು. ನನಗೆ ಚೆಸ್ ಅಷ್ಟಾಗಿ ಬರುವುದಿಲ್ಲ, ಯಾವ ಕಾಯಿ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತು. ಮಗಳು ಕಲಿತದ್ದು ಅಪ್ಪನ ಫೋನಿನಲ್ಲಿ. 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ಗುಕೇಶ್ ಅವರು ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರಲ್ಲ, ಆ ವಿಡಿಯೋವನ್ನು ಅವಳು ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ಗೆದ್ದ ಮೇಲೆ ಅವರು ಕಣ್ಣು ಒರೆಸಿಕೊಳ್ಳುತ್ತಾ ಕಾಯಿಗಳನ್ನು ಮತ್ತೆ ಮೊದಲಿನಂತೆ ಜೋಡಿಸಿಟ್ಟದ್ದು ಅವಳಿಗೆ ತುಂಬಾ ಹಿಡಿಸಿತ್ತು. ಆಮೇಲೆ ಲಿಚೆಸ್ ಅನ್ನುವ ಚೆಸ್ ಆಡುವ ಆ್ಯಪ್ ಹಾಕಿಕೊಟ್ಟೆವು. ಅದು ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಆರು ತಿಂಗಳಲ್ಲಿ ಅಪ್ಪನನ್ನೇ ಸೋಲಿಸತೊಡಗಿದಳು.

ನಮ್ಮ ಕಡೆ ಮಕ್ಕಳ ಕೈಗೆ ಮೊದಲು ಬರುವುದು ಹಾಕಿ ಸ್ಟಿಕ್. ಚೆಸ್ ಆಡಲು ಜೊತೆ ಸಿಗುವುದು ಕಷ್ಟ. "ಇಲ್ಲಿ ಕೂತು ಚೆಸ್ ಆಡಿ ಏನು ಮಾಡ್ತಾಳೆ" ಅಂತ ಕೇಳಿದವರಿಗೆ ಮನೆಯವರು ಒಂದೇ ಉತ್ತರ ಕೊಡುತ್ತಿದ್ದರು: ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ ಮೈಸೂರಿನವರು, 2017ರಲ್ಲಿ ಆದರು, ಮೈಸೂರು ನಮಗೆ ಪಕ್ಕದ ಊರು ತಾನೇ.

ಟೂರ್ನಿಯ ನೋಟಿಸ್ ವಾಟ್ಸಾಪ್‌ನಲ್ಲಿ ಬಂದದ್ದು ಜೂನ್ ಮೊದಲ ವಾರ. ಮೊದಲ ಗೊಂದಲವೇ ವಯಸ್ಸಿನದು. ಮಗಳು ಹುಟ್ಟಿದ್ದು 2014ರ ಮಾರ್ಚ್‌ನಲ್ಲಿ, ಅಂದರೆ 2025ರ ಮಾರ್ಚ್‌ಗೆ 11 ತುಂಬಿತು. ಹಾಗಾದರೆ 11 ವರ್ಷದೊಳಗಿನ ಗುಂಪಿಗೆ ಸೇರುವುದಿಲ್ಲ ಅಂದುಕೊಂಡು 13ರ ಗುಂಪಿಗೆ ಫಾರ್ಮ್ ತುಂಬಿಯೇ ಬಿಟ್ಟಿದ್ದೆ. ಚೆಸ್‌ನಲ್ಲಿ ವಯಸ್ಸನ್ನು ಆ ವರ್ಷದ ಜನವರಿ 1ಕ್ಕೆ ಲೆಕ್ಕ ಹಾಕುತ್ತಾರೆ, ಆಡುವ ದಿನಕ್ಕಲ್ಲ. 2014ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರೆಲ್ಲ 2025ರ ಪೂರ್ತಿ 11ರ ಗುಂಪಿನಲ್ಲೇ ಆಡಬಹುದಿತ್ತು. ನೋಟಿಸ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇದೆ, ಅದನ್ನು ಓದದೆ ಫಾರ್ಮ್ ಕಳಿಸಬೇಡಿ.

ಕೇಳಿದ ಕಾಗದ ಮೂರು. ಫೋಟೊ ಅಂಟಿಸಿ ಹೆಡ್‌ಮಾಸ್ಟರ್ ಸಹಿ ಮಾಡಿದ ವ್ಯಾಸಂಗ ಪ್ರಮಾಣ ಪತ್ರ, ಆಧಾರ್ ಪ್ರತಿ, ಜನನ ಪ್ರಮಾಣ ಪತ್ರ. ಜನನ ಪತ್ರ ಬೀರುವಿನಲ್ಲಿ ಇದೆ ಅಂತ ನಿಶ್ಚಿಂತೆಯಿಂದ ಇದ್ದೆ. ತೆಗೆದು ನೋಡಿದರೆ ತಂದೆ ಹೆಸರು, ತಾಯಿ ಹೆಸರು, ತಾರೀಕು ಎಲ್ಲ ಇದೆ, ಮಗುವಿನ ಹೆಸರಿನ ಜಾಗ ಖಾಲಿ. ಹೆರಿಗೆಯಾದ ವಾರದಲ್ಲೇ ನೋಂದಣಿ ಆಗಿತ್ತು, ಆಗ ಇನ್ನೂ ನಾಮಕರಣ ಆಗಿರಲಿಲ್ಲ. ಆಮೇಲೆ ಸೇರಿಸಬೇಕು ಅನ್ನುವುದು ನಮಗೆ ಹೊಳೆಯಲೇ ಇಲ್ಲ. ಶಾಲೆಗೆ ಸೇರಿಸುವಾಗ ಯಾರೂ ಕೇಳಿರಲಿಲ್ಲ.

ನಿಮ್ಮ ಮನೆಯಲ್ಲೂ ಹೀಗಿದ್ದರೆ ಗಾಬರಿ ಬೇಡ. ನೋಂದಣಿಯಾದ 12 ತಿಂಗಳ ಒಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಅದಾದ ಮೇಲೆ 15 ವರ್ಷದವರೆಗೂ ತಡ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ಒಂದೇ ದಿನದಲ್ಲಿ ಆಗುವ ಕೆಲಸ ಅಂದುಕೊಳ್ಳಬೇಡಿ. ನಾನು ಮೊದಲ ದಿನ ಜನನ ನೋಂದಣಿ ಕಚೇರಿಗೆ ಹೋದಾಗ ಸಂಬಂಧಪಟ್ಟವರು ರಜೆಯಲ್ಲಿದ್ದರು. ಎರಡನೇ ದಿನ ಸರ್ವರ್ ಇರಲಿಲ್ಲ, ಮಧ್ಯಾಹ್ನ ಮೂರರವರೆಗೆ ಬೆಂಚಿನ ಮೇಲೆ ಕೂತು ವಾಪಸ್ ಬಂದೆ. ಮೂರನೇ ದಿನ ಅರ್ಜಿ ತೆಗೆದುಕೊಂಡವರು ಹೆಸರು ಹೊಂದುವುದಿಲ್ಲ ಅಂದರು. ಶಾಲೆಯ ದಾಖಲೆಯಲ್ಲಿ ನಮ್ಮ ಮನೆ ಹೆಸರು ಪೂರ್ತಿಯಾಗಿ ಮುಂದೆ ಇದೆ, ಆಧಾರ್‌ನಲ್ಲಿ ಬರೀ ಇನಿಷಿಯಲ್, ಅದೂ ಹಿಂದೆ. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಈ ತೊಂದರೆ ಇದೆ. ಎರಡೂ ಹೆಸರು ಒಂದೇ ಮಗುವಿನದು ಅಂತ ಶಾಲೆಯಿಂದ ಪತ್ರ ತಂದುಕೊಟ್ಟ ಮೇಲೆ ಕೆಲಸ ಆಯಿತು. ಒಟ್ಟು ಹನ್ನೆರಡು ದಿನ ಹಿಡಿಯಿತು. ಹೊಸ ಪತ್ರ ಕೈಗೆ ಬಂದಾಗ ಅಲ್ಲೇ ನಿಂತು ಒಂದೊಂದು ಅಕ್ಷರ ಓದಿ ನೋಡಿ, ಯಾಕಂದ್ರೆ ಆಮೇಲೆ ತಿದ್ದಿಸುವುದು ಇನ್ನೂ ಕಷ್ಟ. ಈ ಓಡಾಟ ಸುಮ್ಮನೆ ಹೋಗುವುದಿಲ್ಲ. ಮುಂದೆ ಅಖಿಲ ಭಾರತ ಚೆಸ್ ಫೆಡರೇಶನ್‌ನಲ್ಲಿ ಆನ್‌ಲೈನ್ ನೋಂದಣಿ ಮಾಡಿಸುವಾಗಲೂ ಜನನ ಪತ್ರವನ್ನೇ ಕೇಳುತ್ತಾರೆ.

ಕಾಗದ ಸಿದ್ಧವಾಯಿತು ಅನ್ನುವಾಗ ಮಳೆ ಹಿಡಿಯಿತು. ಟೂರ್ನಿ ಮೊದಲು ನಿಗದಿಯಾಗಿದ್ದು ಜುಲೈನಲ್ಲಿ. ಆ ವಾರ ಗಾಳಿ ಮಳೆಗೆ ಶಾಲೆಗಳಿಗೇ ರಜೆ ಕೊಟ್ಟರು, ಟೂರ್ನಿಯೂ ಮುಂದೆ ಹೋಯಿತು. ತೋಟದಲ್ಲಿ ಸಿಲ್ವರ್ ಮರ ಲೈನಿನ ಮೇಲೆ ಬಿದ್ದು ನಮಗೆ ನಾಲ್ಕು ದಿನ ಕರೆಂಟ್ ಇಲ್ಲ. ಫೋನ್ ಸತ್ತು ಹೋಯಿತು, ಮಗಳಿಗೆ ಅಭ್ಯಾಸಕ್ಕೆ ದಾರಿಯೇ ಇಲ್ಲ. ಅಟ್ಟದಿಂದ ಹಳೆಯ ಪ್ಲಾಸ್ಟಿಕ್ ಬೋರ್ಡ್ ಇಳಿಸಿ, ಕಳೆದು ಹೋಗಿದ್ದ ಒಂದು ಕುದುರೆಯ ಬದಲು ಕಾಫಿ ಬೀಜ ಇಟ್ಟು, ಚಾರ್ಜಿಂಗ್ ಲೈಟಿನ ಬೆಳಕಲ್ಲಿ ಅಪ್ಪ ಮಗಳು ಆಡಿದರು.

ಆಗ ಗಮನಿಸಿದೆ. ಅವಳಿಗೆ ಬೋರ್ಡ್ ಬೇರೆಯೇ ಲೋಕ. ಫೋನಿನಲ್ಲಿ ಕ್ಯಾಸಲ್ ಮಾಡಲು, ಅಂದರೆ ಒಂದೇ ನಡೆಯಲ್ಲಿ ರಾಜ, ಆನೆ ಎರಡನ್ನೂ ಸರಿಸಲು, ಬೆರಳಿನಿಂದ ತಟ್ಟಿದರೆ ಸಾಕು, ಎರಡೂ ಕಾಯಿ ತಾವೇ ಹೋಗಿ ಕೂರುತ್ತವೆ. ಇಲ್ಲಿ ಅವಳು ಎರಡೂ ಕೈಯಲ್ಲಿ ಒಟ್ಟಿಗೆ ಎತ್ತುತ್ತಿದ್ದಳು. ನಿಯಮ ಏನಂದರೆ ಒಂದೇ ಕೈಯಲ್ಲಿ, ಮೊದಲು ರಾಜ, ಆಮೇಲೆ ಆನೆ. ಆನೆ ಮೊದಲು ಮುಟ್ಟಿದರೆ ಆ ಕಡೆಗೆ ಆ ನಡೆಯಲ್ಲಿ ಕ್ಯಾಸಲ್ ಇಲ್ಲ. ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು. ಓರೆಯಾಗಿ ನಿಂತ ಕಾಯಿಯನ್ನು ಸರಿಮಾಡಬೇಕಾದರೆ ಮುಟ್ಟುವ ಮೊದಲೇ "ಅಡ್ಜಸ್ಟ್" ಅನ್ನಬೇಕು. ಯಾವ ಕೈಯಲ್ಲಿ ಕಾಯಿ ನಡೆಸಿದೆವೋ ಅದೇ ಕೈಯಲ್ಲಿ, ಇಬ್ಬರ ಸಮಯ ಎಣಿಸುವ ಕ್ಲಾಕ್ ಒತ್ತಬೇಕು. ಇದನ್ನೆಲ್ಲ ಮನೆಯವರು ಹೇಳಿಕೊಟ್ಟರು. ಒಂದನ್ನು ಬಿಟ್ಟು. ಅದಕ್ಕೆ ಮುಂದೆ ಬರುತ್ತೇನೆ.

ಕ್ಲಾಕ್ ನಾವೇ ತರಬೇಕು ಅಂತ ನೋಟಿಸ್‌ನಲ್ಲಿತ್ತು. ಕುಶಾಲನಗರ, ಮಡಿಕೇರಿ ಎರಡೂ ಕಡೆ ಕೇಳಿದೆ, ಸಿಗಲಿಲ್ಲ. ಆನ್‌ಲೈನ್‌ನಲ್ಲಿ 1,450 ರೂಪಾಯಿಗೆ ತರಿಸಿದೆವು. ಮಳೆಗೆ ಕೊರಿಯರ್ ತಡವಾಗಿ ಟೂರ್ನಿಗೆ ಮೂರು ದಿನ ಇರುವಾಗ ಬಂತು. 15 ನಿಮಿಷ, ಪ್ರತಿ ನಡೆಗೆ 5 ಸೆಕೆಂಡು ಸೇರುವ ಹಾಗೆ ಸೆಟ್ ಮಾಡುವುದನ್ನು ಮಗುವಿಗೇ ಕಲಿಸಿ. ಅಲ್ಲಿ ಹೋದ ಮೇಲೆ ನಮ್ಮನ್ನು ಹತ್ತಿರ ಬಿಡುವುದಿಲ್ಲ. ಪ್ರವೇಶ ಶುಲ್ಕ 300 ಆಯಿತು. ಜೆರಾಕ್ಸ್, ಫೋಟೊ, ಅರ್ಜಿ ಓಡಾಟ ಎಲ್ಲ ಸೇರಿ ಇನ್ನೊಂದು 400.

ಆಗಸ್ಟ್ 3 ನಮ್ಮಲ್ಲಿ ಕಕ್ಕಡ ಹದಿನೆಂಟು, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪು ಬೇಯಿಸಿ ಪಾಯಸ, ಪುಟ್ಟು ಮಾಡುವ ದಿನ. ನಾಲ್ಕು ಗಂಟೆಗೆ ಎದ್ದು ಪುಟ್ಟು ಮಾಡಿ, ತುಪ್ಪ, ಜೇನು ಹಾಕಿ ಡಬ್ಬಿ ಕಟ್ಟಿದೆ. ಬೆಳಿಗ್ಗೆಯ ಸರ್ಕಾರಿ ಬಸ್ಸಿನಲ್ಲಾದರೆ ನಮಗಿಬ್ಬರಿಗೂ ಉಚಿತ, ಆದರೆ ಆ ಹೊತ್ತಿಗೆ ಸಿಕ್ಕಿದ್ದು ಖಾಸಗಿ ಬಸ್. ಎಂಟೂವರೆಗೆ ಹಾಲ್ ಮುಟ್ಟಿದೆವು. ಒಂಬತ್ತಕ್ಕೆ ಹಾಜರಿ, ಒಂಬತ್ತೂವರೆಗೆ ಮೊದಲ ಸುತ್ತು ಅಂದಿದ್ದರು. ಶುರುವಾಗಿದ್ದು ಹನ್ನೊಂದು ಕಾಲಿಗೆ. ಒದ್ದೆ ಸಾಕ್ಸ್‌ನಲ್ಲಿ ಮಕ್ಕಳು ನಡುಗುತ್ತಾ ಕೂತಿದ್ದರು. ಒಣ ಸಾಕ್ಸ್, ಒಂದು ಟವೆಲ್, ದಪ್ಪ ಸ್ವೆಟರ್ ಬ್ಯಾಗಿನಲ್ಲಿ ಇರಲಿ.

ಶುರುವಿಗೆ ಮುಂಚೆ ಆರ್ಬಿಟರ್, ಅಂದರೆ ತೀರ್ಪುಗಾರರು, ಮೈಕಿನಲ್ಲಿ ಹೇಳಿದರು: ಫೋನ್ ಒಳಗೆ ತರಬಾರದು, ಯಾರೂ ಮಾತಾಡಬಾರದು, ಪೋಷಕರು ಹೊರಗೆ. ಕಿಟಕಿಯ ಹತ್ತಿರ ನಿಂತವರನ್ನೂ ದೂರ ಕಳಿಸಿದರು. ಅದು ಸರಿಯೇ, ಕೆಲವರು ಕಣ್ಣಲ್ಲೇ ಹೇಳಿಕೊಡುತ್ತಿದ್ದರು. ಆದರೆ ಬಾಗಿಲು ಮುಚ್ಚಿದಾಗ ನನ್ನ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಎಲ್.ಕೆ.ಜಿ.ಗೆ ಬಿಟ್ಟು ಬಂದ ದಿನದ ಹಾಗೆ.

ಮೊದಲ ಸುತ್ತಿನ ಪಟ್ಟಿಯಲ್ಲಿ ಅವಳ ಎದುರು ಯಾರ ಹೆಸರೂ ಇರಲಿಲ್ಲ. ತನ್ನನ್ನು ಸೇರಿಸಿಲ್ಲ ಅಂತ ಅಳುತ್ತಾ ಹೊರಗೆ ಬಂದಳು. ಅದು ಬೈ. ಆಟಗಾರರ ಸಂಖ್ಯೆ ಬೆಸವಾದರೆ ಒಬ್ಬರಿಗೆ ಜೊತೆ ಇರುವುದಿಲ್ಲ, ಅವರಿಗೆ ಆಡದೆಯೇ ಒಂದು ಅಂಕ. ಮಕ್ಕಳಿಗೆ ಮೊದಲೇ ಹೇಳಿಡಿ. ಇನ್ನೊಂದು, ಇದು ಸ್ವಿಸ್ ಪದ್ಧತಿ. ಸೋತರೆ ಮನೆಗೆ ಕಳಿಸುವುದಿಲ್ಲ, ಎಲ್ಲರೂ ಆರು ಸುತ್ತೂ ಆಡುತ್ತಾರೆ, ಸುಮಾರಾಗಿ ಸಮ ಅಂಕದವರನ್ನೇ ಜೋಡಿ ಮಾಡುತ್ತಾರೆ.

ಎರಡನೇ ಸುತ್ತಿನಲ್ಲಿ ಸೋತಳು. ಸೋತದ್ದಕ್ಕಿಂತ ಹೇಗೆ ಸೋತಳು ಅನ್ನುವುದು ನನಗೆ ಇವತ್ತಿಗೂ ಸಂಕಟ. ಅವಳು ಒಂಟೆಯಿಂದ ಚೆಕ್ ಕೊಟ್ಟಿದ್ದಾಳೆ. ಎದುರಿನ ಹುಡುಗಿ ಅದನ್ನು ಗಮನಿಸದೆ ಬೇರೆ ಕಡೆ ಕುದುರೆ ನಡೆಸಿ ಕ್ಲಾಕ್ ಒತ್ತಿದ್ದಾಳೆ. ರಾಜ ಚೆಕ್‌ನಲ್ಲೇ ಇದ್ದಾನೆ. ಮನೆಯಲ್ಲಾದರೆ "ಅಪ್ಪಾ, ಚೆಕ್ ಇದೆ" ಅನ್ನುತ್ತಿದ್ದಳು, ಅಪ್ಪ ವಾಪಸ್ ತೆಗೆದುಕೊಳ್ಳುತ್ತಿದ್ದರು. ಫೋನಿನಲ್ಲಾದರೆ ಅಂಥ ನಡೆಯನ್ನು ಆಡಲು ಬಿಡುವುದೇ ಇಲ್ಲ. ಇಲ್ಲಿ ಮಾತಾಡಬಾರದು ಅಂದಿದ್ದರಲ್ಲ, ಅದಕ್ಕೆ ಸುಮ್ಮನೆ ಕೂತಳು. ಸ್ವಲ್ಪ ಹೊತ್ತು ಕಾದಳಂತೆ. ಅವಳ ಟೈಮ್ ಓಡುತ್ತಿತ್ತು. ಕೊನೆಗೆ ತಾನೇ ಬೇರೊಂದು ಕಾಯಿ ನಡೆಸಿಬಿಟ್ಟಳು. ಆ ಕುದುರೆಯೇ ಮುಂದೆ ಬಂದು ಅವಳ ರಾಣಿಯನ್ನು ಹೊಡೆಯಿತು.

ಊಟದ ಬಿಡುವಿನಲ್ಲಿ ಇದನ್ನು ಹೇಳಿದಾಗ ನಾನು ಆರ್ಬಿಟರ್ ಹತ್ತಿರ ಹೋದೆ. ಜಗಳಕ್ಕಲ್ಲ, ಕೇಳಲು. ಅವರು ಮಗಳನ್ನೇ ಕರೆದು ಕೂರಿಸಿಕೊಂಡು ಕ್ಲಾಕ್ ಎದುರಿಟ್ಟು ವಿವರಿಸಿದರು. ಎದುರಾಳಿ ತಪ್ಪು ನಡೆ ಆಡಿ ಕ್ಲಾಕ್ ಒತ್ತಿದರೆ, ನೀನು ಕ್ಲಾಕ್ ನಿಲ್ಲಿಸಿ ಕೈ ಎತ್ತಬೇಕು. ನಾನು ಬರುವವರೆಗೆ ಇಳಿಸಬೇಡ. ತಪ್ಪು ನಿಜವಾದರೆ ನಿನಗೆ ಎರಡು ನಿಮಿಷ ಜಾಸ್ತಿ ಸಿಗುತ್ತದೆ, ಅವರು ಚೆಕ್ ತಪ್ಪಿಸುವ ನಡೆ ಆಡಬೇಕು. ಅದೇ ಆಟಗಾರ್ತಿ ಎರಡನೇ ಸಲ ತಪ್ಪು ನಡೆ ಆಡಿದರೆ ಸಾಮಾನ್ಯವಾಗಿ ಅವಳಿಗೆ ಸೋಲು. ಆದರೆ ಇಂಥ ಕಡಿಮೆ ಸಮಯದ ರ‍್ಯಾಪಿಡ್ ಆಟದಲ್ಲಿ ನೀನು ನಿನ್ನ ಮುಂದಿನ ನಡೆ ಆಡಿಬಿಟ್ಟರೆ ಮುಗಿಯಿತು, ಆಮೇಲೆ ಬಂದು ಹೇಳಿದರೆ ನಾನು ಏನೂ ಮಾಡುವ ಹಾಗಿಲ್ಲ. ಮುಟ್ಟಿದ ಕಾಯಿಯನ್ನು ಬಿಟ್ಟು ಬೇರೆಯದನ್ನು ನಡೆಸಿದರೂ ಅಷ್ಟೇ, ನಿನ್ನ ಕಾಯಿಗೆ ಕೈ ಹಾಕುವ ಮೊದಲೇ ಹೇಳಬೇಕು.

"ಮಾತಾಡಬಾರದು ಅಂದ್ರಲ್ಲ ಸರ್" ಅಂದಳು ಮಗಳು. "ಕೈ ಎತ್ತಬಾರದು ಅನ್ನಲಿಲ್ಲವಲ್ಲಮ್ಮ" ಅಂದರು ಅವರು.

ನಾವು ಮನೆಯಲ್ಲಿ ಹೇಳಿಕೊಡದೆ ಬಿಟ್ಟದ್ದು ಇದೇ. ದಯವಿಟ್ಟು ಓಪನಿಂಗ್, ಅಂದರೆ ಆಟ ಶುರುಮಾಡುವ ನಡೆಗಳನ್ನು, ಕಲಿಸುವುದಕ್ಕಿಂತ ಮೊದಲು ಇದನ್ನು ಕಲಿಸಿ. ನೀವೇ ಬೇಕೆಂದು ಚೆಕ್‌ನಲ್ಲಿ ರಾಜನನ್ನು ಬಿಟ್ಟು ಆಡಿ, ಮಗು ಕ್ಲಾಕ್ ನಿಲ್ಲಿಸಿ ಕೈ ಎತ್ತುವವರೆಗೆ ಸುಮ್ಮನಿರಿ. ನಾಚಿಕೆ ಸ್ವಭಾವದ ಮಕ್ಕಳಿಗಂತೂ ಇದನ್ನು ಹತ್ತು ಸಲ ಮಾಡಿಸಬೇಕು.

ಮೂರನೇ ಸುತ್ತು ಗೆದ್ದಳು, ಆದರೆ ಗೋಡೆಗೆ ಹಾಕಿದ ಪಟ್ಟಿಯಲ್ಲಿ ಸೋಲು ಅಂತ ಬಂತು. ಫಲಿತಾಂಶದ ಚೀಟಿಯಲ್ಲಿ ಇಬ್ಬರೂ ನೋಡದೆ ಸಹಿ ಮಾಡಿದ್ದರು. ಮುಂದಿನ ಸುತ್ತಿನ ಜೋಡಿ ಹಾಕುವ ಮೊದಲೇ ಕಂಡದ್ದರಿಂದ ಸರಿಯಾಯಿತು. ಪ್ರತಿ ಸುತ್ತಿನ ನಂತರ ಪಟ್ಟಿ ನೋಡಿ.

ನಾಲ್ಕನೆಯದು ಡ್ರಾ. ಅದನ್ನು ಅವಳು ಗೆಲ್ಲಬೇಕಿತ್ತು. ಎದುರಾಳಿಯ ಹತ್ತಿರ ರಾಜ ಮಾತ್ರ, ಮೂಲೆಯಲ್ಲಿ. ಇವಳ ಹತ್ತಿರ ರಾಣಿ, ಪಕ್ಕದಲ್ಲೇ ರಾಜ. ಅವಸರದಲ್ಲಿ ರಾಣಿಯನ್ನು ಎಲ್ಲಿ ಇಟ್ಟಳೆಂದರೆ ಎದುರಿನ ರಾಜನಿಗೆ ಚೆಕ್ಕೂ ಇಲ್ಲ, ಕಾಲಿಡಲು ಒಂದು ಮನೆಯೂ ಇಲ್ಲ. ಸ್ಟೇಲ್‌ಮೇಟ್. ಅರ್ಧ ಅಂಕ. ಹೊರಗೆ ಬಂದವಳು ನನ್ನ ಸೆರಗಿನಲ್ಲಿ ಮುಖ ಇಟ್ಟು ಐದು ನಿಮಿಷ ಅತ್ತಳು. ನಾನು ಏನೂ ಹೇಳಲಿಲ್ಲ. ಬಿಸಿ ಹಾಲು ಕುಡಿಸಿದೆ. ಐದನೆಯದನ್ನು ಬೇಗ ಗೆದ್ದು ಬಂದಳು.

ಆರನೇ ಸುತ್ತಿನ ಹೊತ್ತಿಗೆ ನಾಲ್ಕೂವರೆ. ಹೊರಗೆ ಮಂಜು ಇಳಿದು ಎದುರಿನ ಕಟ್ಟಡವೂ ಕಾಣುತ್ತಿರಲಿಲ್ಲ. ನಾನು ಜಗುಲಿಯ ಆಚೆ ತುದಿಯಲ್ಲಿದ್ದೆ. ಅಲ್ಲಿಂದ ಕಿಟಕಿಯಲ್ಲಿ ಮಕ್ಕಳ ತಲೆಗಳಷ್ಟೇ ಕಾಣುತ್ತವೆ, ಬೋರ್ಡ್ ಕಾಣುವುದಿಲ್ಲ. ಇದ್ದಕ್ಕಿದ್ದ ಹಾಗೆ ಆ ತಲೆಗಳ ನಡುವಿನಿಂದ ಒಂದು ಕೈ ಮೇಲೆ ಬಂತು. ಮೆರೂನ್ ಸ್ವೆಟರ್, ಮಣಿಕಟ್ಟಿನ ಹತ್ತಿರ ನಾನೇ ಬೇರೆ ಬಣ್ಣದ ಉಲ್ಲನ್ ಹಾಕಿ ಹೊಲಿದ ಜಾಗ. ಮಗಳದ್ದು. ಆರ್ಬಿಟರ್ ಆಚೆ ಸಾಲಿನಲ್ಲಿದ್ದರು, ನೋಡಲಿಲ್ಲ. ಕೈ ಇಳಿಯಲಿಲ್ಲ. ಕೈ ಸೋತಾಗ ಎಡಗೈಯಿಂದ ಬಲ ಮೊಣಕೈ ಹಿಡಿದುಕೊಂಡಳು, ಆದರೂ ಇಳಿಸಲಿಲ್ಲ. ನಾನು ಸೆರಗಿನ ಅಂಚನ್ನು ಹಿಂಡುತ್ತಾ ನಿಂತಿದ್ದೆ. ಕೊನೆಗೆ ಅವರು ಬಂದರು.

ಆಗಿದ್ದು ಇಷ್ಟು. ಎದುರಿನ ಹುಡುಗಿ, ಕುಶಾಲನಗರ ಕಡೆಯವಳು, ಒಂದು ಪಾನ್, ಅಂದರೆ ಒಂದು ಕಾಲಾಳು, ಮುಂದಿದ್ದಳು. ಇನ್ನೊಂದು ಪಾನ್ ಹೊಡೆಯಲು ರಾಣಿಯನ್ನು ಎತ್ತಿದಳು. ಎತ್ತಿದ ಮೇಲೆ ಹಿಂದಿನ ಸಾಲಿನಲ್ಲಿ ತನ್ನ ರಾಜ ಒಬ್ಬನೇ ಉಳಿಯುತ್ತಾನೆ, ಮಗಳ ಆನೆಗೆ ದಾರಿ ತೆರೆಯುತ್ತದೆ ಅನ್ನುವುದು ಕಂಡಿತು. ರಾಣಿಯನ್ನು ಅಲ್ಲೇ ಇಟ್ಟು, ರಾಜನಿಗೆ ಜಾಗವಾಗಲಿ ಅಂತ ಪಾನ್ ಸರಿಸಿ ಕ್ಲಾಕ್ ಒತ್ತಿದಳು. ಮಗಳು ತನ್ನ ಕಾಯಿ ಮುಟ್ಟಲಿಲ್ಲ. ಕ್ಲಾಕ್ ನಿಲ್ಲಿಸಿ ಕೈ ಎತ್ತಿದಳು.

ಇದಕ್ಕೆ ಸಾಕ್ಷಿ ಇರಲಿಲ್ಲ. ಆ ಹುಡುಗಿ "ಮುಟ್ಟಿಲ್ಲ" ಅಂದಿದ್ದರೆ ಆರ್ಬಿಟರ್‌ಗೂ ಕಷ್ಟವಾಗುತ್ತಿತ್ತು. ಅವರು ಬಗ್ಗಿ ಅವಳನ್ನು ಕೇಳಿದರು. ಅವಳು ಬೋರ್ಡನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತು, "ಎತ್ತಿದ್ದೆ ಸರ್" ಅಂದಳಂತೆ. ಪಾನ್ ಹಿಂದಕ್ಕೆ ಹೋಯಿತು, ರಾಣಿ ನಡೆಯಲೇಬೇಕಾಯಿತು. ಎಲ್ಲಿ ಇಟ್ಟರೂ ಹಿಂದಿನ ಸಾಲಿಗೆ ಕಾವಲು ಸಿಗಲಿಲ್ಲ. ಮಗಳ ಆನೆ ಕೆಳಗಿಳಿದು ಚೆಕ್‌ಮೇಟ್ ಆಯಿತು. ಗೆದ್ದು ಹೊರಗೆ ಬಂದ ಮಗಳಿಗಿಂತ, ನಿಜ ಹೇಳಿ ಸೋತು ಹೊರಗೆ ಬಂದ ಆ ಮಗುವನ್ನು ನೋಡಿ ನನಗೆ ಗಂಟಲು ಕಟ್ಟಿತು. ಅವಳ ಅಮ್ಮನಿಗೆ ನಡೆದದ್ದನ್ನು ನಾನೇ ಹೇಳಿದೆ. ಡಬ್ಬಿಯಲ್ಲಿ ಉಳಿದಿದ್ದ ಮದ್ದು ಪುಟ್ಟು ತೆಗೆದೆ. ಆ ನೇರಳೆ ಬಣ್ಣ ನೋಡಿ ಅವಳು ಮೊದಲು ಹಿಂಜರಿದಳು, ಆಮೇಲೆ ಇಬ್ಬರೂ ಬೆರಳು ನೆಕ್ಕಿಕೊಂಡು ಖಾಲಿ ಮಾಡಿದರು. ತಿನ್ನುತ್ತಲೇ ಮಗಳ ಬೋರ್ಡನ್ನು ಬೆಂಚಿನ ಮೇಲೆ ಹಾಸಿ, ರಾಣಿ ಎತ್ತುವ ಮೊದಲಿನ ಸ್ಥಿತಿಗೆ ಕಾಯಿ ಜೋಡಿಸಿ, ಏನು ಆಡಬಹುದಿತ್ತು ಅಂತ ಮಾತಾಡತೊಡಗಿದರು.

ಬಹುಮಾನ ವಿತರಣೆ ಐದಕ್ಕೆ ಅಂದದ್ದು ಆರೂವರೆಗೆ ಆಯಿತು. ದೂರದವರು ಕೊನೆಯ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಮಗಳಿಗೆ ನಾಲ್ಕೂವರೆ ಅಂಕ, 11ರೊಳಗಿನ ಹುಡುಗಿಯರಲ್ಲಿ ಆರನೇ ಸ್ಥಾನ. ಟ್ರೋಫಿ ಐದು ಜನಕ್ಕೆ. ಐದನೆಯವಳಿಗೂ ನಾಲ್ಕೂವರೆಯೇ. ಅಂಕ ಸಮ ಆದರೆ ಬುಕ್‌ಹೋಲ್ಜ್ ಅಂತ ಒಂದು ಲೆಕ್ಕ ನೋಡುತ್ತಾರೆ, ನಾವು ಯಾರ ಜೊತೆ ಆಡಿದೆವೋ ಅವರೆಲ್ಲ ಗಳಿಸಿದ ಅಂಕಗಳ ಮೊತ್ತ. ಮೊದಲ ಸುತ್ತಿನಲ್ಲಿ ಎದುರಾಳಿಯೇ ಇಲ್ಲದ್ದು ಆ ಟೂರ್ನಿಯಲ್ಲಿ ಹಾಕಿದ ಲೆಕ್ಕದಲ್ಲಿ ನಮಗೆ ಹೊಡೆತ ಕೊಟ್ಟಿತು. ಇದರಲ್ಲಿ ಯಾರ ಮೋಸವೂ ಇಲ್ಲ, ಲೆಕ್ಕ ಗೋಡೆಯ ಮೇಲೆಯೇ ಇತ್ತು.

ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಗಾಜಿನ ತುಂಬ ಆವಿ. ನಿದ್ದೆ ಬಂತೇನೋ ಅಂದುಕೊಂಡೆ. ಬೋಯಿಕೇರಿ ದಾಟುವಾಗ ನೋಡಿದರೆ ಬೆರಳಿನಿಂದ ಗಾಜಿನ ಮೇಲೆ ಮನೆಗಳನ್ನು ಎಳೆದಿದ್ದಾಳೆ. ಮೂಲೆಯಲ್ಲಿ ಒಂದು ಚುಕ್ಕಿ, ಅದು ನಾಲ್ಕನೇ ಸುತ್ತಿನ ರಾಜ. ಸ್ವಲ್ಪ ಕೆಳಗೆ ಅವಳ ರಾಣಿ. ರಾಣಿಯ ಚುಕ್ಕಿಯನ್ನು ಅಂಗೈಯಿಂದ ಒರೆಸಿ ಒಂದು ಮನೆ ಮೇಲೆ ಇಟ್ಟಳು.

"ಇಲ್ಲಿ ಇಟ್ಟಿದ್ರೆ ಮೇಟ್ ಅಮ್ಮ. ಒಂದೇ ಮನೆ."

ಸುಂಟಿಕೊಪ್ಪ ಬರುವವರೆಗೂ ಅದನ್ನು ಅಳಿಸಲು ಬಿಡಲಿಲ್ಲ.